ಕಡಲಿಗೆ ಒಡ್ಡಿದ ಗೋಡೆ: ಅನುದಾನವೋ, ಸಾಲವೋ?

ಮುಂಬಯಿಯ ಮರೀನ್ ಡ್ರೈವ್‌ನಲ್ಲಿ ಸಂಜೆ ತಿರುಗಾಡಿದವರೆಲ್ಲ ಒಂದು ವಸ್ತುವನ್ನು ನೋಡಿಯೇ ಇರುತ್ತೀರಿ. ಕಟ್ಟೆಯ ಆಚೆ, ಒಂದರ ಕಾಲಿಗೆ ಇನ್ನೊಂದರ ಕಾಲು ಸಿಕ್ಕಿಸಿಕೊಂಡು ಬಿದ್ದಿರುವ ನಾಲ್ಕು ಕಾಲಿನ ಕಾಂಕ್ರೀಟ್ ದಿಮ್ಮಿಗಳು. ಟೆಟ್ರಾಪಾಡ್ ಎಂದು ಅವುಗಳ ಹೆಸರು. ನುಗ್ಗಿ ಬಂದ ಅಲೆಯನ್ನು ತಮ್ಮ ಸಂದುಗಳಲ್ಲಿ ಹರಿಯಬಿಟ್ಟು ಅದರ ಬಲವನ್ನು ಮುರಿಯುತ್ತವೆ. ಇಂಥವೇ ದಿಮ್ಮಿಗಳ ಸಾಲು ಮಾಲ್ಡೀವ್ಸ್ ದೇಶದ ರಾಜಧಾನಿ ಮಾಲೆಯ ದಕ್ಷಿಣ ದಂಡೆಯಲ್ಲೂ ಇದೆ. ಅದಕ್ಕೆ ಹಣ ಕೊಟ್ಟದ್ದು ಜಪಾನ್. ಇವತ್ತಿನ ನನ್ನ ಮಾತು ಆ ಹಣದ ಬಗ್ಗೆ.

ಮಾಲ್ಡೀವ್ಸ್ ನಮಗೆ ತೀರ ದೂರದ ನಾಡೇನಲ್ಲ. ನಮ್ಮ ಲಕ್ಷದ್ವೀಪದ ಮಿನಿಕಾಯ್‌ನಲ್ಲಿ ಜನ ಆಡುವ ಮಹಲ್, ಮಾಲ್ಡೀವ್ಸಿನ ದಿವೇಹಿ ಭಾಷೆಯದೇ ಒಂದು ರೂಪ. ಅಲ್ಲಿರುವುದು ಸುಮಾರು 1,190 ಹವಳದ ದ್ವೀಪಗಳು. ಜನವಸತಿ ಇರುವುದು 190ಕ್ಕಿಂತ ಕಡಿಮೆ ದ್ವೀಪಗಳಲ್ಲಿ. 2022ರ ಜನಗಣತಿಯಂತೆ ಜನಸಂಖ್ಯೆ ಐದು ಲಕ್ಷಕ್ಕೆ ಸ್ವಲ್ಪ ಹೆಚ್ಚು. ನೆಲದ ನೂರಕ್ಕೆ 80 ಭಾಗ ಸಮುದ್ರಮಟ್ಟದಿಂದ ಒಂದು ಮೀಟರ್ ಎತ್ತರವನ್ನೂ ಮುಟ್ಟುವುದಿಲ್ಲ.

1987ರ ಏಪ್ರಿಲ್‌ನಲ್ಲಿ ದೂರದ ದಕ್ಷಿಣ ಹಿಂದೂ ಮಹಾಸಾಗರದಿಂದ ಬಂದ ದೊಡ್ಡ ಅಲೆಗಳು ಮಾಲೆಯೊಳಗೆ ನುಗ್ಗಿದವು. ಜಾಗ ಸಾಲದೆ ಹವಳದ ದಿಬ್ಬದವರೆಗೂ ಮಣ್ಣು ತುಂಬಿ ಊರನ್ನು ಬೆಳೆಸಿದ್ದರು. ಹಾಗಾಗಿ ಅಲೆಯನ್ನು ತಡೆಯುತ್ತಿದ್ದ ಪ್ರಕೃತಿಯ ಒಡ್ಡು ಇಲ್ಲದಂತಾಗಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಂದಿನ ಅಧ್ಯಕ್ಷ ಮೌಮೂನ್ ಅಬ್ದುಲ್ ಗಯೂಮ್ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಏರುತ್ತಿರುವ ಕಡಲಿನ ಅಪಾಯವನ್ನು ವಿವರಿಸಿದರು. ಆಗ ನೆರವಿಗೆ ಬಂದದ್ದು ಜಪಾನ್. 2002ರ ಹೊತ್ತಿಗೆ, ಹಂತ ಹಂತವಾಗಿ, ಮಾಲೆಯ ಸುತ್ತ ಸುಮಾರು ಆರು ಕಿಲೋಮೀಟರ್ ಉದ್ದದ ಗೋಡೆ ಎದ್ದಿತು. ಖರ್ಚು ಹೆಚ್ಚುಕಡಿಮೆ ಆರು ಕೋಟಿ ಡಾಲರ್. ಅಂದರೆ ಒಂದೊಂದು ಮೀಟರಿಗೆ ಸುಮಾರು ಹತ್ತು ಸಾವಿರ ಡಾಲರ್! ಇದರ ಬಹುಪಾಲು ಅನುದಾನವಾಗಿ ಬಂತು. ಅಂದರೆ ಹಿಂತಿರುಗಿಸಬೇಕಾಗಿಲ್ಲದ ಹಣ.

2004ರ ಡಿಸೆಂಬರ್ 26. ಚೆನ್ನೈಯಲ್ಲಿರುವ ನಮ್ಮವರು ಆ ದಿನವನ್ನು ಹೇಗೆ ಮರೆತಾರು? ಸುನಾಮಿ ಮಾಲ್ಡೀವ್ಸನ್ನೂ ಬಿಡಲಿಲ್ಲ. ನೂರಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. ಮಾಲೆಯ ಕೆಲ ಭಾಗಗಳಿಗೂ ನೀರು ನುಗ್ಗಿತಾದರೂ, ಗೋಡೆ ಇದ್ದುದರಿಂದ ರಾಜಧಾನಿ ದೊಡ್ಡ ಅನಾಹುತದಿಂದ ಪಾರಾಯಿತು. ಉತ್ತರದ ಕಂದೊಲುಧೂ ಎಂಬ ದ್ವೀಪಕ್ಕೆ ಅಂಥ ರಕ್ಷಣೆ ಇರಲಿಲ್ಲ. ಅಲ್ಲಿ ಮತ್ತೆ ವಾಸಿಸುವಂತಿಲ್ಲದೆ ಇಡೀ ಊರೇ ಬೇರೆ ದ್ವೀಪಕ್ಕೆ ಗುಳೆ ಎದ್ದಿತು.

ಇಲ್ಲಿ ಒಂದು ಸಂಗತಿಯನ್ನು ತಾವು ಗಮನಿಸಬೇಕು. ಸುನಾಮಿಗೆ ಆರೇ ದಿನ ಮೊದಲು, ಡಿಸೆಂಬರ್ 20ರಂದು, ಮಾಲ್ಡೀವ್ಸನ್ನು ಅತ್ಯಂತ ಹಿಂದುಳಿದ ದೇಶಗಳ ಪಟ್ಟಿಯಿಂದ ಮೇಲಕ್ಕೆ ಏರಿಸಲು ವಿಶ್ವಸಂಸ್ಥೆ ತೀರ್ಮಾನಿಸಿತ್ತು. ಪ್ರವಾಸೋದ್ಯಮದಿಂದ ತಲಾ ಆದಾಯ ಹೆಚ್ಚಿತ್ತು. ಅದಾದ ಒಂದೇ ವಾರದೊಳಗೆ, ದೇಶದ ಒಟ್ಟು ಉತ್ಪನ್ನದ ಶೇಕಡಾ 62ರಷ್ಟು ನಷ್ಟವಾಯಿತು. ಬಡ್ತಿಯನ್ನು ಮುಂದೂಡಿದರು, ಕೊನೆಗೆ 2011ರಲ್ಲಿ ಅದು ಜಾರಿಗೆ ಬಂತು. ನೆರವು ಕೊಡುವವರ ಅಳತೆಗೋಲು ಆದಾಯ; ಕಡಲಿನ ಅಳತೆಗೋಲು ನೆಲದ ಎತ್ತರ. ಪ್ರವಾಸಿಗರು ಬಂದು ಹೋದರೆ ದ್ವೀಪದ ಎತ್ತರವೇನೂ ಹೆಚ್ಚುವುದಿಲ್ಲವಲ್ಲ!

ಆದಾಯ ಏರಿದ ದೇಶಕ್ಕೆ ಅನುದಾನ ಕಡಿಮೆಯಾಗುತ್ತದೆ, ಸಾಲ ಹೆಚ್ಚುತ್ತದೆ. ಸಾಲ ಕೊಟ್ಟರೇನು ತಪ್ಪು ಎಂದು ತಾವು ಕೇಳಬಹುದು. ಬಂದರು ಕಟ್ಟಿದರೆ ಹಡಗಿನವರಿಂದ ಶುಲ್ಕ ಬರುತ್ತದೆ, ವಿಮಾನ ನಿಲ್ದಾಣ ಕಟ್ಟಿದರೆ ಪ್ರಯಾಣಿಕರಿಂದ ಬರುತ್ತದೆ. ಆ ಹಣದಿಂದ ಸಾಲ ತೀರಿಸಬಹುದು. ಸಮುದ್ರದ ಗೋಡೆಗೆ ಯಾರು ಟಿಕೆಟ್ ಕೊಳ್ಳುತ್ತಾರೆ? ಗೋಡೆಯ ಲಾಭವೆಂದರೆ ಆಗದೆ ಉಳಿದ ನಷ್ಟ. ಅದು ಯಾವ ಖಾತೆಯಲ್ಲೂ ಜಮೆಯಾಗುವುದಿಲ್ಲ. ಆದರೆ ಬಡ್ಡಿ ಮಾತ್ರ ಪ್ರತಿ ವರ್ಷ ಖರ್ಚಿನ ಖಾತೆಗೆ ಬೀಳುತ್ತದೆ.

ಈಗ ಭಾರತವೂ ಕೊಡುವ ದೇಶ. ಎಕ್ಸಿಮ್ ಬ್ಯಾಂಕಿನ ಸಾಲದಿಂದ ಮಾಲ್ಡೀವ್ಸಿನ 28 ದ್ವೀಪಗಳಲ್ಲಿ ಮಾಡಿದ ಕುಡಿಯುವ ನೀರು ಮತ್ತು ಒಳಚರಂಡಿ ಕಾಮಗಾರಿಯನ್ನು 2024ರ ಆಗಸ್ಟ್‌ನಲ್ಲಿ ಒಪ್ಪಿಸಲಾಯಿತು. ಉಪ್ಪುನೀರು ಬಾವಿಗೆ ಇಳಿಯುವ ದ್ವೀಪಗಳಲ್ಲಿ ಇದು ಸಣ್ಣ ಉಪಕಾರವಲ್ಲ. ಆದರೆ ಸಾಲದ ಕಂತುಗಳು ಭಾರವಾದವು. 2025ರ ಜುಲೈಯಲ್ಲಿ ಭಾರತ ವಾರ್ಷಿಕ ಕಂತನ್ನು 5.1 ಕೋಟಿ ಡಾಲರ್‌ಗಳಿಂದ 2.9 ಕೋಟಿಗೆ ಇಳಿಸಿತು. ಜೊತೆಗೆ 4,850 ಕೋಟಿ ರೂಪಾಯಿಯ ಹೊಸ ಸಾಲವನ್ನೂ ಘೋಷಿಸಿತು. ಕಂತು ಇಳಿಸಿದ್ದು ಒಳ್ಳೆಯ ನೆರೆಯವರ ನಡತೆಯೇ. ಆದರೂ ಮುಂದೆ ಕಡಲನ್ನು ತಡೆಯುವ ಕೆಲಸಕ್ಕೆ ಹಣ ಕೊಡುವಾಗ, ಅದರಿಂದ ಆದಾಯ ಬರುವುದುಂಟೇ ಎಂದು ಮೊದಲೇ ನೋಡಿಕೊಳ್ಳುವುದು ಇಬ್ಬರಿಗೂ ಹಿತ.

ಅಳತೆಗೋಲು ಬದಲಿಸುವ ಪ್ರಯತ್ನವೂ ನಡೆದಿದೆ. 2024ರ ಆಗಸ್ಟ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಒಂದು ಸೂಚ್ಯಂಕವನ್ನು ಒಪ್ಪಿಕೊಂಡಿತು. ಆದಾಯದ ಜೊತೆಗೆ, ದೇಶವೊಂದು ಎಂಥ ಹೊಡೆತಕ್ಕೆ ಈಡಾಗುತ್ತದೆ, ಅದನ್ನು ತಾಳಿಕೊಳ್ಳುವ ಶಕ್ತಿ ಅದಕ್ಕೆ ಎಷ್ಟಿದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಕ್ರಮ ಇದು. ಸಣ್ಣ ದ್ವೀಪರಾಷ್ಟ್ರಗಳು ಮೂರು ದಶಕಗಳಿಂದ ಕೇಳುತ್ತ ಬಂದದ್ದು ಇದನ್ನೇ. ಆದರೆ ಇದನ್ನು ಬಳಸಲೇಬೇಕೆಂಬ ಕಟ್ಟುಪಾಡು ಯಾವ ದಾನಿ ದೇಶಕ್ಕೂ ಇಲ್ಲ.

2011ರಲ್ಲಿ ಜಪಾನಿಗೆ ಸುನಾಮಿ ಅಪ್ಪಳಿಸಿದಾಗ, ಮಾಲ್ಡೀವ್ಸಿನ ಜನ ಅಲ್ಲಿಗೆ ಲಕ್ಷಾಂತರ ಡಬ್ಬಿ ಟ್ಯೂನಾ ಮೀನು ಕಳಿಸಿದರು. ಅದನ್ನು ಯಾರೂ ಬಾಕಿ ಎಂದು ಕೇಳಿರಲಿಲ್ಲ. ಇನ್ನು ಮುಂದೆ ಯಾವುದೋ ದೇಶ ಯಾವುದೋ ದ್ವೀಪಕ್ಕೆ ಇಷ್ಟು ಕೋಟಿ ನೆರವು ಕೊಟ್ಟಿತೆಂಬ ಸುದ್ದಿ ಕಿವಿಗೆ ಬಿದ್ದರೆ, ಮೊತ್ತವನ್ನು ಕೇಳಿ ಸುಮ್ಮನಾಗಬೇಡಿ. ಅದು ಅನುದಾನವೋ ಸಾಲವೋ ಎಂಬುದನ್ನೂ ಕೇಳಿ ತಿಳಿದುಕೊಳ್ಳಿ.