ಆಘಾತಕ್ಕೆ ವಯಸ್ಸಿದೆಯೇ?

"ಮಗು ಚಿಕ್ಕದು, ಮರೆತುಬಿಡುತ್ತೆ ಬಿಡಿ." ಸಾವಿನ ಮನೆಯಲ್ಲಿ, ಅಪಘಾತ ನಡೆದ ಮನೆಯಲ್ಲಿ ಈ ಮಾತನ್ನು ನೀವೆಲ್ಲ ಕೇಳಿರುತ್ತೀರಿ, ಆಡಿಯೂ ಇರಬಹುದು. ನಾನಂತೂ ಆಡಿದ್ದೇನೆ. ಅದೇ ಮನೆಯ ಅಜ್ಜನ ಬಗ್ಗೆ ಇನ್ನೊಂದು ಮಾತು: "ಹಿರಿಯರು, ಇಂಥವನ್ನು ಎಷ್ಟೋ ಕಂಡಿದ್ದಾರೆ, ತಡಕೊಳ್ತಾರೆ." ಹೀಗೆ ಮಗುವನ್ನೂ ಮುದುಕರನ್ನೂ ಪಕ್ಕಕ್ಕೆ ಕೂರಿಸಿ ನಡುವಯಸ್ಸಿನವರು ಓಡಾಟಕ್ಕೆ ಇಳಿಯುತ್ತಾರೆ. ಅವರನ್ನು ಯಾರೂ ಏನೂ ಕೇಳುವುದೇ ಇಲ್ಲ. ಕೇಳಿದರೂ ಉತ್ತರಿಸಲು ಅವರಿಗೆ ಪುರುಸೊತ್ತೆಲ್ಲಿ?

ಮೊದಲು ಮಕ್ಕಳ ಮಾತು. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದಲ್ಲಿ ಅಬರ್‌ಫಾನ್ ಎಂಬ ಕಲ್ಲಿದ್ದಲು ಗಣಿಯ ಊರಿದೆ. ಗಣಿಯ ತ್ಯಾಜ್ಯವನ್ನು ಊರಿನ ಮೇಲಿನ ಗುಡ್ಡದಲ್ಲಿ ವರ್ಷಗಟ್ಟಲೆ ಸುರಿದಿದ್ದರು. 1966ರ ಅಕ್ಟೋಬರ್ 21, ಶುಕ್ರವಾರ, ಬೆಳಿಗ್ಗೆ 9ರ ಸುಮಾರಿಗೆ ಆ ರಾಶಿ ಜಾರಿ ಕೆಸರಿನ ಹೊಳೆಯಾಗಿ ಕೆಳಗಿನ ಪ್ರಾಥಮಿಕ ಶಾಲೆಯ ಮೇಲೆ ಬಿತ್ತು. ಮಕ್ಕಳು ಆಗಷ್ಟೇ ತರಗತಿಗಳಲ್ಲಿ ಕುಳಿತಿದ್ದರು. ಮಡಿದವರು 144 ಮಂದಿ. ಅವರಲ್ಲಿ 116 ಮಕ್ಕಳು.

ಉಳಿದ ಮಕ್ಕಳು ಏನಾದರು? ದೊಡ್ಡವರಾದ ಮೇಲೆ ಅವರಲ್ಲಿ ಕೆಲವರು ಹೇಳಿಕೊಂಡಿರುವ ಸಂಗತಿ ಇದು: ಬಹಳ ಕಾಲ ಅವರು ಬೀದಿಯಲ್ಲಿ ಆಡಲು ಹೋಗುತ್ತಿರಲಿಲ್ಲ. ಮಕ್ಕಳನ್ನು ಕಳೆದುಕೊಂಡ ಮನೆಯವರಿಗೆ ಇವರನ್ನು ನೋಡಿದರೆ ಸಂಕಟವಾಗುತ್ತಿತ್ತು. ಹಾಗಾಗಿ ಬದುಕುಳಿದದ್ದೇ ಒಂದು ತಪ್ಪೆಂಬಂತೆ ಬೆಳೆದರು. 33 ವರ್ಷಗಳ ನಂತರ ಮನೋವೈದ್ಯರು ಅವರಲ್ಲಿ 41 ಮಂದಿಯನ್ನು ಪರೀಕ್ಷಿಸಿದಾಗ ಸುಮಾರು ಅರ್ಧದಷ್ಟು ಜನ, ಅಂದರೆ ಶೇ 46 ಮಂದಿ, ಒಂದಲ್ಲ ಒಂದು ಕಾಲದಲ್ಲಿ ಆಘಾತೋತ್ತರ ಒತ್ತಡದ ಬೇನೆಗೆ ತುತ್ತಾಗಿದ್ದರು. ಶೇ 29 ಮಂದಿಯಲ್ಲಿ ಅದು ಆಗಲೂ ಇತ್ತು. ಮರೆತುಬಿಡುತ್ತವೆ ಎಂದುಕೊಂಡ ಮಕ್ಕಳು ಇವರು.

1966ರಲ್ಲಿ ಈ ಬೇನೆಗೆ ಇಂದಿನ ಹೆಸರೇ ಇರಲಿಲ್ಲ. ನಡೆದದ್ದು ಕಣ್ಣೆದುರು ಮತ್ತೆ ಮತ್ತೆ ಬಂದು ನಿಲ್ಲುವುದು, ಕೆಟ್ಟ ಕನಸು, ಆ ಜಾಗವನ್ನೂ ಆ ಮಾತನ್ನೂ ತಪ್ಪಿಸಿಕೊಳ್ಳುವುದು, ಸಣ್ಣ ಸದ್ದಿಗೂ ಬೆಚ್ಚಿಬೀಳುವುದು: ಇವೆಲ್ಲ ತಿಂಗಳುಗಟ್ಟಲೆ ಬಿಡದೆ ಇದ್ದರೆ ಅದೊಂದು ಕಾಯಿಲೆ ಎಂದು ಅಮೆರಿಕದ ಮನೋವೈದ್ಯರ ಸಂಘ ತನ್ನ ಪಟ್ಟಿಗೆ ಸೇರಿಸಿದ್ದು 1980ರಲ್ಲಿ. ಅದರ ಹಿಂದೆ ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಒತ್ತಾಯವಿತ್ತು. ಆ ಸೈನಿಕರ ಸರಾಸರಿ ವಯಸ್ಸು 19 ಎಂಬ ಮಾತು ಬಹಳ ಜನಪ್ರಿಯವಾಯಿತು. ಲೆಕ್ಕ ಹಾಕಿದರೆ ಅದು ನಿಲ್ಲುವುದಿಲ್ಲ, ಸರಾಸರಿ 20 ದಾಟಿತ್ತು. ಆದರೂ ಎಳೆಯ ವಯಸ್ಸೇ ಈ ಬೇನೆಯ ಮೂಲ ಎಂಬ ನಂಬಿಕೆ ಬೇರೂರಲು ಅಂಥ ಮಾತು ಸಾಕಾಯಿತು.

ನಂಬಿಕೆ ಪೂರ್ತಿ ಸುಳ್ಳೂ ಅಲ್ಲ. 2000ದಲ್ಲಿ ಲಂಡನ್ನಿನ ಕ್ರಿಸ್ ಬ್ರೂವಿನ್ ಮತ್ತು ಸಂಗಡಿಗರು ಅದುವರೆಗಿನ ಹತ್ತಾರು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಆಘಾತವಾದಾಗಿನ ವಯಸ್ಸು ಕೆಲವು ಜನವರ್ಗಗಳಲ್ಲಿ ಲೆಕ್ಕಕ್ಕೆ ಬಂತು, ಕೆಲವು ಕಡೆ ಬರಲೇ ಇಲ್ಲ. ಅದಕ್ಕಿಂತ ಹೆಚ್ಚು ತೂಕ ಕಂಡದ್ದು ಆಘಾತದ ತೀವ್ರತೆಗೆ, ಆಮೇಲೆ ಜೊತೆಗೆ ನಿಲ್ಲುವವರು ಇದ್ದರೋ ಇಲ್ಲವೋ ಎಂಬುದಕ್ಕೆ.

ಒಂದು ಕಡೆ ಇದ್ದದ್ದು ಇನ್ನೊಂದು ಕಡೆ ಏಕಿಲ್ಲ? ಇಲ್ಲಿಗೆ ನಾನು ಹೇಳಬೇಕೆಂದಿದ್ದ ಮುಖ್ಯ ಸಂಗತಿ ಬಂತು. ಅಮೆರಿಕದ ಮನಶ್ಶಾಸ್ತ್ರಜ್ಞೆ ಫ್ರಾನ್ ನಾರಿಸ್ ಮತ್ತು ಜೊತೆಗಾರರು 2002ರಲ್ಲಿ ಮೂರು ದೇಶಗಳ ಮೂರು ವಿಕೋಪಗಳನ್ನು ಹೋಲಿಸಿದರು. ಮೊದಲನೆಯದು 1992ರ ಆಗಸ್ಟ್‌ನಲ್ಲಿ ಅಮೆರಿಕದ ಫ್ಲಾರಿಡಾಕ್ಕೆ ಅಪ್ಪಳಿಸಿದ ಆಂಡ್ರ್ಯೂ ಚಂಡಮಾರುತ. ಎರಡನೆಯದು 1997ರ ಅಕ್ಟೋಬರ್‌ನಲ್ಲಿ ಮೆಕ್ಸಿಕೋದ ಅಕಾಪುಲ್ಕೋ ಪಟ್ಟಣವನ್ನು ಕೆಸರಲ್ಲಿ ಮುಳುಗಿಸಿದ ಪೌಲಿನಾ. ಮೂರನೆಯದು ಅದೇ ವರ್ಷ ಜುಲೈನಲ್ಲಿ ಪೋಲೆಂಡಿನ ಓಡ್ರಾ ನದಿಗೆ ಬಂದ ನೆರೆ. ಅಲ್ಲಿನ ಜನ ಅದನ್ನು 'ಸಹಸ್ರಮಾನದ ನೆರೆ' ಎನ್ನುತ್ತಾರೆ. ಮೂರೂ ಕಡೆ ಬೇರೆ ಬೇರೆ ವಯಸ್ಸಿನವರನ್ನು ಕಂಡು ಮಾತಾಡಿಸಿದರು.

ಅಮೆರಿಕದಲ್ಲಿ ಹೆಚ್ಚು ನರಳಿದವರು ನಡುವಯಸ್ಸಿನವರು. ಮೆಕ್ಸಿಕೋದಲ್ಲಿ ಕಿರಿಯರು, ವಯಸ್ಸು ಏರಿದಂತೆ ಬೇನೆ ಇಳಿಯಿತು. ಪೋಲೆಂಡಿನಲ್ಲಿ ತಿರುಗುಮುರುಗು, ಅಲ್ಲಿ ಮುದುಕರೇ ಹೆಚ್ಚು ಬಳಲಿದವರು.

ಮನುಷ್ಯನ ಮಿದುಳು ಮೂರು ದೇಶಗಳಲ್ಲೂ ಒಂದೇ. ಹಾಗಾದರೆ ಬದಲಾದದ್ದು ಯಾವುದು? ಆಯಾ ವಯಸ್ಸಿನವರ ಹೆಗಲ ಮೇಲಿನ ಹೊರೆ. ಫ್ಲಾರಿಡಾದ ಡೇಡ್ ಜಿಲ್ಲೆಯೊಂದರಲ್ಲೇ 25,000ಕ್ಕೂ ಹೆಚ್ಚು ಮನೆಗಳು ನೆಲಸಮವಾದವು. ಪರಿಹಾರ ಕೊಡಬೇಕಾದ ಕೆಲವು ವಿಮಾ ಕಂಪನಿಗಳೇ ದಿವಾಳಿಯಾದವು. ಮನೆ ಸಾಲ, ಮಕ್ಕಳ ಓದು, ವಯಸ್ಸಾದ ತಂದೆತಾಯಿ, ಎಲ್ಲವನ್ನೂ ಹೊತ್ತಿದ್ದವರು ನಲವತ್ತು ಐವತ್ತರ ಆಸುಪಾಸಿನವರು. ಮೆಕ್ಸಿಕೋದ ಬಡ ಬಡಾವಣೆಗಳಲ್ಲಿ ಮದುವೆ, ಮಕ್ಕಳು, ದುಡಿಮೆ ಬಲು ಬೇಗ ಬರುತ್ತವೆ. ಹೊರೆ ಹೊರುವ ವಯಸ್ಸೇ ಅಲ್ಲಿ ಚಿಕ್ಕದು.

ಪೋಲೆಂಡಿನ ಮುದುಕರದು ಬೇರೆಯೇ ಕಥೆ, ನನ್ನನ್ನು ಹೆಚ್ಚು ಕಾಡಿದ್ದೂ ಅದೇ. 1997ರಲ್ಲಿ 65 ಆಗಿದ್ದವರಿಗೆ ಎರಡನೆಯ ಮಹಾಯುದ್ಧ ಮುಗಿದಾಗ 13 ವರ್ಷ. ಓಡ್ರಾ ದಂಡೆಯ ವ್ರೊತ್ಸ್ವಾಫ್ ನಗರ 1945ರವರೆಗೆ ಜರ್ಮನಿಯದಾಗಿತ್ತು. ಗಡಿ ಬದಲಾದಾಗ ಜರ್ಮನರನ್ನು ಅಲ್ಲಿಂದ ಹೊರಡಿಸಿದರು. ಪೂರ್ವದ ಊರುಗಳನ್ನು ಬಿಟ್ಟುಬಂದ ಪೋಲಿಷ್ ಕುಟುಂಬಗಳೆಷ್ಟೋ ಅಲ್ಲಿ ನೆಲೆಯೂರಿದವು. ಅಂಥವರಲ್ಲಿ ಎಷ್ಟೋ ಜನ ನೆರೆಯಲ್ಲಿ ಮನೆ ಕಳೆದುಕೊಂಡದ್ದು ಬಾಳಿನಲ್ಲಿ ಎರಡನೆಯ ಸಲ. ಅದರ ಮೇಲೆ, 1989ರಲ್ಲಿ ಕಮ್ಯುನಿಸ್ಟ್ ಆಡಳಿತ ಹೋದ ನಂತರದ ಬೆಲೆ ಏರಿಕೆಯಲ್ಲಿ ಮತ್ತೆ ಮನೆ ಕಟ್ಟುವಷ್ಟು ಗಂಟು ಕೆಲವರ ಕೈಯಲ್ಲಷ್ಟೇ ಉಳಿದಿತ್ತು, ಕಟ್ಟಲು ಬೇಕಾದ ವರ್ಷಗಳೂ ಇರಲಿಲ್ಲ. ಇದು ಅಂಕಿಗಳನ್ನು ನಾನು ಓದಿಕೊಂಡ ಬಗೆ. ಬೇರೆ ಓದೂ ಸಾಧ್ಯ. ಆದರೆ "ಎಷ್ಟೋ ಕಂಡವರು, ತಡಕೊಳ್ತಾರೆ" ಎಂಬ ಮಾತನ್ನು ಅವರ ಮುಂದೆ ಆಡುವುದು ಕಷ್ಟ.

ಇನ್ನೊಂದು ತೊಡಕಿದೆ. ಬೇನೆ ಇದ್ದರೂ ಅದು ಎಲ್ಲ ವಯಸ್ಸಿನಲ್ಲೂ ಒಂದೇ ಮುಖ ತೋರಿಸುವುದಿಲ್ಲ. 1976ರಲ್ಲಿ ಅಮೆರಿಕದ ಚೌಚಿಲ್ಲಾ ಎಂಬ ಊರಿನಲ್ಲಿ 26 ಶಾಲಾ ಮಕ್ಕಳನ್ನು ಬಸ್ಸಿನ ಸಮೇತ ಅಪಹರಿಸಿ, ನೆಲದಡಿ ಹೂತಿದ್ದ ಲಾರಿಯ ಪೆಟ್ಟಿಗೆಯಲ್ಲಿ ಕೂಡಿಹಾಕಿದ್ದರು. ಎಲ್ಲರೂ ಜೀವಂತವಾಗಿ ಹೊರಬಂದರು. ಅವರನ್ನು ವರ್ಷಗಟ್ಟಲೆ ಗಮನಿಸಿದ ಮನೋವೈದ್ಯೆ ಲೆನೋರ್ ಟೆರ್ ಕಂಡದ್ದೇನೆಂದರೆ, ಮಕ್ಕಳು ಬಾಯಲ್ಲಿ ಹೇಳದ್ದನ್ನು ಆಟದಲ್ಲಿ ಆಡುತ್ತಿದ್ದರು. ಅಪಹರಣದ ಆಟ, ಮತ್ತೆ ಮತ್ತೆ, ಸಂತೋಷವೇ ಇಲ್ಲದ ಆಟ. ತಮಗೆ ಹೆಚ್ಚು ಆಯುಸ್ಸಿಲ್ಲ ಎಂಬ ಭಾವನೆ ಎಷ್ಟೋ ಮಕ್ಕಳಲ್ಲಿ ಬೇರೂರಿತ್ತು. ಹೊರಗಿನಿಂದ ನೋಡಿದವರಿಗೆ ಮಕ್ಕಳು ಆಡಿಕೊಂಡಿವೆ, ಅಷ್ಟೇ.

ಮುದುಕರದು ಬೇರೆ. 1988ರ ಡಿಸೆಂಬರ್‌ನಲ್ಲಿ ಅರ್ಮೇನಿಯಾದಲ್ಲಿ ಭಾರಿ ಭೂಕಂಪವಾಯಿತು, ಸುಮಾರು 25,000 ಜನ ಸತ್ತರು. ಒಂದೂವರೆ ವರ್ಷದ ಬಳಿಕ ಪರೀಕ್ಷಿಸಿದಾಗ ಹಿರಿಯರ, ಕಿರಿಯರ ನರಳಾಟದ ಒಟ್ಟು ಮೊತ್ತ ಹೆಚ್ಚುಕಡಿಮೆ ಒಂದೇ ಆಗಿತ್ತು. ಆದರೆ ಹಿರಿಯರಲ್ಲಿ ಆ ದೃಶ್ಯ ಕಣ್ಣೆದುರು ಬರುವುದು ಕಡಿಮೆ. ನಿದ್ದೆಗೇಡು, ಬೆಚ್ಚುವುದು, ಸಿಡುಕು ಇಂಥವೇ ಹೆಚ್ಚು. "ಅದೆಲ್ಲ ಈಗಲೂ ನೆನಪಾಗುತ್ತದೆಯೇ ಅಜ್ಜಾ?" ಎಂದು ಕೇಳಿದರೆ ಅವರು "ಇಲ್ಲಪ್ಪ" ಎಂದೇ ಹೇಳಿಯಾರು. "ರಾತ್ರಿ ಎಷ್ಟು ಹೊತ್ತಿಗೆ ಎಚ್ಚರವಾಗುತ್ತದೆ?" ಎಂದು ಕೇಳಿದರೆ ಉತ್ತರ ಬೇರೆ ಬಂದೀತು.