ಮೇಣದ ಉರುಳೆಯೂ ಹಿರಿಯರ ಕಂಠವೂ



ವಾರ್ಷಿಕೋತ್ಸವದ ಈ ಶುಭಸಂದರ್ಭದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದವರು ಅಪ್ಪಣೆಮಾಡಿದ್ದಾರೆ. ಗಡಹಿಂಗ್ಲಜ ಸೀಮೆಯ ನಾವು ಕೊಲ್ಹಾಪುರವನ್ನು ದೊಡ್ಡ ಪೇಟೆಯೆಂದೂ ಇಚಲಕರಂಜಿಯನ್ನು ಮಗ್ಗಗಳ ಊರೆಂದೂ ಬಲ್ಲೆವು. ಅವೆರಡೂ ಸಂಗೀತದ ತವರುಗಳೂ ಹೌದು. ಆದುದರಿಂದ ಸಂಗೀತವನ್ನು ಹಿಡಿದಿಡಲೆಂದು ಹುಟ್ಟಿದ ಹಳೆಯ ಯಂತ್ರವೊಂದರ ಸಂಗತಿಯನ್ನು ತಮ್ಮ ಮುಂದಿಡುತ್ತೇವೆ.

1877ರಲ್ಲಿ ಅಮೇರಿಕದ ಎಡಿಸನ್ನನು ಫೋನೋಗ್ರಾಫನ್ನು ನಿರ್ಮಿಸಿದನು. ಮೊದಲು ಅದರಲ್ಲಿದ್ದುದು ತೆಳುವಾದ ತಗಡಿನ ಹಾಳೆ; ಸುಮಾರು ಹತ್ತು ವರ್ಷಗಳಲ್ಲಿ ಮೇಣದ ಉರುಳೆಯು ಬಂದಿತು. ಕಹಳೆಯ ಬಾಯಿಗೆ ಮೋರೆಯಿಟ್ಟು ಹಾಡಿದರೆ ಒಳಗಿನ ತೆಳುಪೊರೆಯು ನಡುಗುವುದು. ಅದಕ್ಕೆ ಸೇರಿದ ಮೊನೆಯು ತಿರುಗುವ ಮೇಣದಲ್ಲಿ ಗೆರೆಯನ್ನು ಕೊರೆಯುವುದು. ಬೇರೊಂದು ಮೊಂಡುಮೊನೆಯನ್ನು ಅದೇ ಗೆರೆಯಲ್ಲಿ ಓಡಿಸಿದರೆ ಹಾಡಿದ್ದೇ ಮರಳಿ ಕೇಳಿಬರುವುದು. ಆದರೆ ಉರುಳೆಯು ಎರಡು ನಿಮಿಷಗಳನ್ನು ಮಾತ್ರ ಹಿಡಿಯುತ್ತಿತ್ತು; 1908ರ ತರುವಾಯ ನಾಲ್ಕು. ತಂಬೂರಿಯ ಮೆಲುದನಿ ಅದಕ್ಕೆ ನಿಲುಕದು. ಕೇಳಿದಷ್ಟೂ ಗೆರೆಯು ಸವೆಯುವುದು. ತೇವ ತಗಲಿದರೆ ಬೂಷ್ಟು ಹಿಡಿಯುವುದು.

ಇಷ್ಟರಲ್ಲಿ ಗ್ರಾಮಾಫೋನಿನ ತಟ್ಟೆಗಳು ಬಂದವು. 1902ರ ನವೆಂಬರಿನಲ್ಲಿ ಗೈಸ್‌ಬರ್ಗನು ಕಲಕತ್ತೆಯಲ್ಲಿ ಗೌಹರ್ ಜಾನಳ ಹಾಡನ್ನು ಮುದ್ರಿಸಿದನು. ಒಂದು ಅಚ್ಚಿನಿಂದ ಅನೇಕ ತಟ್ಟೆಗಳನ್ನು ಒತ್ತಬಹುದಾಗಿತ್ತು. ಆದುದರಿಂದ ತಟ್ಟೆಯೇ ಗೆದ್ದಿತು. ಆದರೆ ಆ ಗೆಲುವಿನಲ್ಲಿ ಒಂದು ನಷ್ಟವೂ ಇತ್ತು. ಉರುಳೆಯ ಯಂತ್ರಕ್ಕೆ ಕೇಳುವ ಕಿವಿಯೂ ಇತ್ತು, ಹಾಡುವ ಬಾಯಿಯೂ ಇತ್ತು. ಮನೆಗೆ ಬಂದ ತಟ್ಟೆಯ ಯಂತ್ರಕ್ಕೆ ಬಾಯಿಯೊಂದೇ. ಯಾರ ಹಾಡು ಉಳಿಯಬೇಕೆಂಬುದನ್ನು ಇನ್ನು ಕಂಪನಿಯವರೇ ನಿರ್ಧರಿಸುವಂತಾಯಿತು. ಅದಕ್ಕೆಂದೇ ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆಯವರಂಥವರು 1930ರ ದಶಕದಲ್ಲಿಯೂ ಮೇಣದ ಉರುಳೆಗಳನ್ನೇ ಹೊತ್ತು ನಮ್ಮ ದೇಶದ ಜನರ ಹಾಡುಗಳನ್ನು ಸಂಗ್ರಹಿಸಿದರು.

ಇನ್ನು ಕೊಲ್ಹಾಪುರಕ್ಕೆ ಬರೋಣ. ಶಾಹೂ ಮಹಾರಾಜರ ಆಸ್ಥಾನದಲ್ಲಿ ಗಾಯಕರಾಗಿದ್ದ ಉಸ್ತಾದ್ ಅಲ್ಲಾದಿಯಾ ಖಾನರು 1946ರವರೆಗೆ ಬಾಳಿದರು. ಉರುಳೆಯ ಕಾಲವನ್ನೂ ಕಂಡರು, ತಟ್ಟೆಯ ಕಾಲವನ್ನೂ ಕಂಡರು. ಆದರೂ ಅವರ ಗಾಯನದ ಒಂದು ಮುದ್ರಿಕೆಯೂ ಪ್ರಕಟವಾಗಲಿಲ್ಲ. ತಮ್ಮ ವಿದ್ಯೆಯನ್ನು ಅನ್ಯರು ಕದ್ದಾರೆಂಬ ಶಂಕೆಯಿಂದ ಅವರು ಒಪ್ಪಲಿಲ್ಲವೆಂದು ಹೇಳುವುದುಂಟು. ಹಾಗಾದರೆ ಆ ವಿದ್ಯೆಯು ನಷ್ಟವಾಯಿತೇ? ಇಲ್ಲ. ಅವರ ಮಕ್ಕಳಾದ ಮಂಜಿ ಖಾನ್, ಭುರ್ಜಿ ಖಾನರಿಂದ ಅದು ಧಾರವಾಡದ ಮಲ್ಲಿಕಾರ್ಜುನ ಮನಸೂರರಿಗೆ ಬಂದಿತು. ಅದಕ್ಕೂ ಮೊದಲು ಮನಸೂರರು ಮಿರಜಿನ ನೀಲಕಂಠಬುವಾ ಅವರ ಶಿಷ್ಯರು. ನೀಲಕಂಠಬುವಾ ಅವರು ಬಾಲಕೃಷ್ಣಬುವಾ ಇಚಲಕರಂಜಿಕರರ ಶಿಷ್ಯರು. ಹೀಗೆ ಎರಡೂ ಊರುಗಳ ವಿದ್ಯೆಯು ಒಬ್ಬ ಕನ್ನಡಿಗನ ಕಂಠದಲ್ಲಿ ನೆಲೆಸಿತು. ಶಿಷ್ಯನಾದವನೂ ಒಂದು ಮೇಣದ ಉರುಳೆಯೇ; ಆದರೆ ಹಾಡಿದಷ್ಟೂ ಸವೆಯದ ಉರುಳೆ.

ನಮ್ಮ ಮನೆಗಳ ಹಾಡುಗಳ ಗತಿಯೇನು? ಬೀಸುವ ಪದ, ಸೋಬಾನ ಪದ, ಡೊಳ್ಳಿನ ಪದ, ಜೋಗುಳ — ಇವುಗಳನ್ನು ಮುದ್ರಿಸಲು ಕಂಪನಿಯೂ ಬರುವುದಿಲ್ಲ, ಕಲಿಯಲು ಶಿಷ್ಯರೂ ಇಲ್ಲ. ನಮ್ಮ ಅಜ್ಜಿಗೆ ರಾತ್ರಿಯಿಡೀ ಹಾಡುವಷ್ಟು ಬೀಸುವ ಪದಗಳು ಬರುತ್ತಿದ್ದವು. ನಮ್ಮ ಕಿಸೆಯಲ್ಲಿ ಆಗಲೇ ಮೊಬೈಲು ಇತ್ತು. ದೀಪಾವಳಿಯ ಬಿಡುವಿನಲ್ಲಿ ಮುದ್ರಿಸಿದರಾಯಿತೆಂದು ತಡೆದೆವು. ದೀಪಾವಳಿಯ ಹೊತ್ತಿಗೆ ಅಜ್ಜಿಯಿರಲಿಲ್ಲ. ಇಂದು ನಮ್ಮಲ್ಲಿ ಉಳಿದಿರುವುದು ಧಾಟಿ ಮಾತ್ರ. ನುಡಿಗಳು ಅವರೊಂದಿಗೇ ಹೋದವು. ಮಕ್ಕಳಿಗೆ ಕನ್ನಡ ಕಲಿಸುವ ನಮ್ಮಿಂದಲೇ ಈ ಪ್ರಮಾದವಾಯಿತೆಂದು ಈ ಸಭೆಯಲ್ಲಿ ಒಪ್ಪಿಕೊಳ್ಳುತ್ತೇವೆ.

ತಟ್ಟೆಯು ಕಸಿದುಕೊಂಡಿದ್ದ ಕಿವಿಯನ್ನು ಮೊಬೈಲು ನಮಗೆ ಮರಳಿ ಕೊಟ್ಟಿದೆ. ಆದುದರಿಂದ ವಿದ್ಯಾರ್ಥಿಗಳಲ್ಲಿ ನಮ್ಮದೊಂದು ಬೇಡಿಕೆ: ಈ ರಜೆಯಲ್ಲಿ ಮನೆಯ ಇಲ್ಲವೆ ಓಣಿಯ ಹಿರಿಯರೊಬ್ಬರ ಒಂದು ಹಾಡನ್ನು, ಅವರ ಒಪ್ಪಿಗೆ ಪಡೆದು, ಮುದ್ರಿಸಿರಿ. ಗೌಹರ್ ಜಾನಳು ತಟ್ಟೆಯಲ್ಲಿ ತನ್ನ ಹೆಸರನ್ನು ತಾನೇ ಹೇಳಿದಂತೆ, ಹಾಡಿದವರ ಹೆಸರು, ಊರು, ದಿನಾಂಕಗಳನ್ನು ಅವರ ಬಾಯಿಂದಲೇ ಹೇಳಿಸಿರಿ. ಪ್ರತಿಯೊಂದನ್ನು ಸಂಘಕ್ಕೂ ಕೊಡಿರಿ. ಒಂದು ಕಡೆ ಅಳಿದರೆ ಇನ್ನೊಂದು ಕಡೆ ಉಳಿದೀತು. ಬಳಿಕ ಆ ಹಾಡನ್ನು ನೀವೂ ಕಲಿಯಿರಿ. ಮುಂದಿನ ವಾರ್ಷಿಕೋತ್ಸವದಲ್ಲಿ ಅದನ್ನು ಇದೇ ವೇದಿಕೆಯ ಮೇಲೆ ನಿಮ್ಮ ಕಂಠದಿಂದ ಕೇಳುವ ಭಾಗ್ಯ ನಮ್ಮದಾಗಲಿ.