ಟೆಂಡರು ಕಾಗದಗಳನ್ನು ಕ್ರಮವಾಗಿ ಸಿದ್ಧಪಡಿಸಿ ಒಪ್ಪಿಸುವ ವಿಚಾರ

(ಮೈಸೂರು ನಗರದಲ್ಲಿ ಭೂಹಿಡುವಳಿದಾರರ ಮತ್ತು ಗ್ರಾಮ ಮುಖಂಡರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಬೇಸಾಯದ ವಿಷಯದಲ್ಲಿ ತಮ್ಮಂಥ ಅನುಭವಸ್ಥರ ಮುಂದೆ ನಿಂತು ಬುದ್ಧಿ ಹೇಳುವ ಧೈರ್ಯ ನನಗಿಲ್ಲ. ಈ ಹೊತ್ತು ನಾನು ಅರಿಕೆ ಮಾಡಬೇಕೆಂದಿರುವುದು ಹೊಲದ ವಿಚಾರವಲ್ಲ, ಕಾಗದದ ವಿಚಾರ. ಒಳ್ಳೆಯ ಮಾಲು, ನ್ಯಾಯವಾದ ಬೆಲೆ ಎರಡೂ ಕೈಯಲ್ಲಿದ್ದು, ಕಾಗದವೊಂದು ಕ್ರಮ ತಪ್ಪಿದ್ದರಿಂದ ವರ್ಷದ ವರಮಾನವನ್ನು ಕಳೆದುಕೊಂಡ ರೈತರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದಕಾರಣವೇ ಈ ಮಾತು.

ಟೆಂಡರೆಂಬ ಶಬ್ದವು ತಮಗೆ ಹೊಸದಲ್ಲ. ಬಂಡಿಪಾಳ್ಯದ ಮಾರುಕಟ್ಟೆಯ ಪ್ರಾಂಗಣದಲ್ಲಿ ನಮ್ಮ ರಾಶಿಗೆ ವರ್ತಕರು ಒಬ್ಬರಿಗೊಬ್ಬರು ತಿಳಿಯದಂತೆ ದರ ಬರೆಯುವುದನ್ನು ತಾವು ನೋಡಿದ್ದೀರಿ. ಅಲ್ಲಿ ಬರೆಯುವವನು ವರ್ತಕ, ಕಾಯುವವರು ನಾವು. ಹೆಚ್ಚು ಬರೆದವನಿಗೆ ಮಾಲು. ನಾನು ಹೇಳುವ ಟೆಂಡರಿನಲ್ಲಿ ಲೆಕ್ಕವೆಲ್ಲ ತಿರುಗುಮುರುಗು. ಕೊಳ್ಳುವುದು ಸರ್ಕಾರದ ಸಂಸ್ಥೆ, ಬರೆಯುವವರು ನಾವು, ಕಡಿಮೆ ಬರೆದವನಿಗೆ ಗುತ್ತಿಗೆ. 1892ರಲ್ಲಿ ಸ್ಥಾಪಿತವಾದ ಈ ಊರಿನ ಶ್ರೀ ಚಾಮರಾಜೇಂದ್ರ ಮೃಗಾಲಯವನ್ನೇ ತೆಗೆದುಕೊಳ್ಳಿ. ಆನೆ, ಜಿಂಕೆ, ಜಿರಾಫೆಗಳಿಗೆ ಪ್ರತಿ ದಿನ ಹಸಿಮೇವು, ಹಣ್ಣು, ತರಕಾರಿಗಳು ಬೇಕು. ಇಂಥ ಮಾಲನ್ನು ಸಂಸ್ಥೆಗಳು ಟೆಂಡರು ಕರೆದೇ ಕೊಳ್ಳುವುದು ರೂಢಿ. ಈ ಮಾಲು ಸುತ್ತಲ ಹೋಬಳಿಗಳಲ್ಲಿ ಬೆಳೆಯುವಂಥದೇ. ಹೀಗಿದ್ದೂ ಬೆಳೆದವನೇ ನೇರವಾಗಿ ಟೆಂಡರು ಹಾಕುವುದು ಅಪರೂಪ.

ನಮ್ಮ ರಾಜ್ಯದಲ್ಲಿ ಈ ವ್ಯವಹಾರವು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮಕ್ಕೂ 2000ದ ನಿಯಮಗಳಿಗೂ ಒಳಪಟ್ಟಿದೆ. ಅಧಿಕಾರಿಯು ತನಗೆ ಬೇಕಾದವನನ್ನು ಕರೆದು ಗುತ್ತಿಗೆ ಕೊಡಕೂಡದೆಂಬುದೇ ಈ ಕಾಯಿದೆಯ ಉದ್ದೇಶ. ಆ ಉದ್ದೇಶದಿಂದಲೇ ನಮಗೆ ಬಿಗಿಯೆಂದು ತೋರುವ ನಿಬಂಧನೆಗಳೂ ಹುಟ್ಟಿವೆ. ಒಬ್ಬನ ತಪ್ಪನ್ನು ಮನ್ನಿಸಿ ಇನ್ನೊಬ್ಬನ ತಪ್ಪನ್ನು ಹಿಡಿದರೆ ಪಕ್ಷಪಾತವಾಯಿತು; ಆದ್ದರಿಂದ ಪರಿಶೀಲಿಸುವವರು ಎಲ್ಲರ ತಪ್ಪನ್ನೂ ಹಿಡಿಯುತ್ತಾರೆ.

ನಾನು ಕಂಡದ್ದನ್ನು ಹೇಳುತ್ತೇನೆ. ಊರಿನ ಹೆಸರೂ ಸಂಸ್ಥೆಯ ಹೆಸರೂ ಬೇಡ. ಕೆಲವು ಮಂದಿ ರೈತರು ಒಂದು ಕೂಟವಾಗಿ ಸೇರಿ ಹಸಿಮೇವಿನ ಟೆಂಡರಿಗೆ ಅರ್ಜಿ ಹಾಕಿದರು. ಅದು ಎರಡು ಲಕೋಟೆಯ ಪದ್ಧತಿಯದು. ಮೊದಲನೆಯ ಲಕೋಟೆಯಲ್ಲಿ ಯೋಗ್ಯತೆಯನ್ನು ತೋರಿಸುವ ದಾಖಲೆಗಳು ಮಾತ್ರ, ಎರಡನೆಯದರಲ್ಲಿ ದರ ಮಾತ್ರ. ಮೊದಲನೆಯದರಲ್ಲಿ ತೇರ್ಗಡೆಯಾದವರ ಎರಡನೆಯ ಲಕೋಟೆಯನ್ನಷ್ಟೇ ಬಿಚ್ಚುತ್ತಾರೆ. ಈಗ ಇವು ಅರಗಿನ ಮೊಹರು ಹಾಕಿದ ಲಕೋಟೆಗಳಲ್ಲ, ಗಣಕಯಂತ್ರದಲ್ಲಿನ ಎರಡು ಖಾನೆಗಳು. ಹೆಸರು ಮಾತ್ರ ಹಳೆಯದೇ ಉಳಿದಿದೆ. ನಮ್ಮ ರೈತರು ವಿನಯದಿಂದ ಒಂದು ಮನವಿ ಪತ್ರ ಬರೆದು, "ಕಿಲೋ ಒಂದಕ್ಕೆ ಇಷ್ಟರಂತೆ ಒದಗಿಸುತ್ತೇವೆ, ದಯಮಾಡಿ ಪರಿಗ್ರಹಿಸಬೇಕು" ಎಂದು ಅದರಲ್ಲಿಯೇ ದರವನ್ನು ನಮೂದಿಸಿ, ಮೊದಲನೆಯ ಲಕೋಟೆಗೆ ಸೇರಿಸಿಬಿಟ್ಟರು. ಗುಟ್ಟಾಗಿರಬೇಕಾದ ದರ ಮೊದಲೇ ಹೊರಬಿದ್ದಿತೆಂದು ಅವರ ಟೆಂಡರನ್ನು ಅಲ್ಲಿಯೇ ತಳ್ಳಿಹಾಕಿದರು. ಗುತ್ತಿಗೆ ಪಡೆದವನ ದರ ಪ್ರಕಟವಾದಾಗ ನೋಡಿದರೆ, ಅದು ಇವರ ದರಕ್ಕಿಂತ ಹೆಚ್ಚು. ಆ ವರ್ಷ ಅವರ ಮೇವನ್ನು ಕೊಂಡವನು ಅದೇ ಗುತ್ತಿಗೆದಾರ. ಕೊಟ್ಟ ಬೆಲೆಯಾದರೋ ಇವರು ಟೆಂಡರಿನಲ್ಲಿ ಬರೆದದ್ದಕ್ಕಿಂತ ಬಹಳ ಕಡಿಮೆ. ಸರ್ಕಾರಕ್ಕೂ ನಷ್ಟ, ರೈತರಿಗೂ ನಷ್ಟ. ಆದರೂ ತಳ್ಳಿಹಾಕಿದ್ದು ನಿಯಮಕ್ಕೆ ಸರಿಯಾಗಿಯೇ ಇತ್ತು.

ಆದಕಾರಣ ಮೊದಲ ಕೆಲಸವೆಂದರೆ ಟೆಂಡರು ಪತ್ರವನ್ನು ಆದ್ಯಂತವಾಗಿ ಓದುವುದು. ಪತ್ರಿಕೆಯ ಪ್ರಕಟಣೆಯನ್ನು ನೋಡಿ ಹೊರಡಬಾರದು. ಅದು ಬಾಗಿಲು ಮಾತ್ರ. ಪೂರ್ಣ ಪತ್ರವು ಕರ್ನಾಟಕ ಪಬ್ಲಿಕ್ ಪ್ರೊಕ್ಯೂರ್‌ಮೆಂಟ್ ಪೋರ್ಟಲಿನಲ್ಲಿ ದೊರೆಯುತ್ತದೆ. ಹಲವು ವೇಳೆ ಅದು ಇಂಗ್ಲಿಷಿನಲ್ಲಿರುವುದು ನಮ್ಮ ಜನಕ್ಕೆ ದೊಡ್ಡ ಅಡಚಣೆ. ಊರಿನಲ್ಲಿ ಓದಿದ ಹುಡುಗರಿದ್ದರೆ ಅವರಿಂದ ಸಾಲು ಸಾಲಾಗಿ ಓದಿಸಿ ಅರ್ಥ ಕೇಳತಕ್ಕದ್ದು. ಕೇಳುವಾಗ "ಸಲ್ಲಿಸತಕ್ಕದ್ದು", "ಲಗತ್ತಿಸತಕ್ಕದ್ದು" ಎಂದು ಬಂದ ಕಡೆಯೆಲ್ಲ ಗೆರೆ ಎಳೆದು, ಅವನ್ನು ಒಂದು ಪಟ್ಟಿಯಾಗಿ ಬರೆದುಕೊಂಡರೆ ಅರ್ಧ ಕೆಲಸ ಮುಗಿಯಿತು. ಅದೇ ಪಟ್ಟಿಯನ್ನು ಅದೇ ಕ್ರಮದಲ್ಲಿ ತಮ್ಮ ದಾಖಲೆಗಳ ಮೇಲೆ ಪರಿವಿಡಿಯಾಗಿ ಹಾಕಿ, ಪುಟಗಳಿಗೆ ಸಂಖ್ಯೆ ಕೊಡಿ. ಪರಿಶೀಲಿಸುವವರು ಹುಡುಕುವ ಕಾಗದ ಹುಡುಕಿದ ಜಾಗದಲ್ಲಿಯೇ ಸಿಕ್ಕಬೇಕು.

ಕೊಟ್ಟ ನಮೂನೆಯನ್ನು ತಿದ್ದಕೂಡದು. ನಮೂನೆಯಲ್ಲಿ ಒಂದು ಕಲಮು ನಮಗೆ ಅನ್ವಯಿಸದಿದ್ದರೆ ಖಾಲಿ ಬಿಡದೆ "ಅನ್ವಯಿಸುವುದಿಲ್ಲ" ಎಂದು ಬರೆಯಬೇಕು. "ಮಳೆ ಬಂದರೆ ಒದಗಿಸುತ್ತೇವೆ", "ಡೀಸೆಲ್ ಬೆಲೆ ಏರಿದರೆ ದರ ಹೆಚ್ಚಿಸಬೇಕು" ಎಂದು ನಮ್ಮ ಕಡೆಯ ಷರತ್ತನ್ನು ಸೇರಿಸಿದರೆ ಅದು ಷರತ್ತಿನ ಟೆಂಡರೆನಿಸಿ ತಿರಸ್ಕಾರಕ್ಕೆ ಗುರಿಯಾಗುತ್ತದೆ. ಆ ಕಷ್ಟವನ್ನೆಲ್ಲ ದರದೊಳಗೇ ಲೆಕ್ಕಹಾಕಿ ಬರೆಯಬೇಕು. ಬರೆದ ದರವು ಪತ್ರದಲ್ಲಿ ಹೇಳಿದ ಅವಧಿಯವರೆಗೆ, ಹಲವು ಟೆಂಡರುಗಳಲ್ಲಿ 90 ದಿನಗಳವರೆಗೆ, ನಮ್ಮನ್ನು ಕಟ್ಟಿಹಾಕುತ್ತದೆಂಬುದನ್ನೂ ಮರೆಯಬಾರದು. ಕೇಳಿರುವುದು ಕಿಲೋ ದರವೋ, ಕ್ವಿಂಟಾಲ್ ದರವೋ, ಎರಡು ಸಾರಿ ನೋಡಿ. ಅಂಕಿಯಲ್ಲಿ ಬರೆದದ್ದಕ್ಕೂ ಅಕ್ಷರದಲ್ಲಿ ಬರೆದದ್ದಕ್ಕೂ ವ್ಯತ್ಯಾಸವಾದರೆ ಯಾವುದನ್ನು ಹಿಡಿಯಬೇಕೆಂದು ಪತ್ರದಲ್ಲಿಯೇ ಹೇಳಿರುತ್ತದೆ. ಅದು ನಮಗೆ ಅನುಕೂಲವಾಗಿಯೇ ಇರುತ್ತದೆಂದು ನಂಬುವಂತಿಲ್ಲ.

ಹೆಸರಿನ ತೊಡಕು ಹಳ್ಳಿಯವರಿಗೆ ವಿಶೇಷವಾದದ್ದು. ಪಹಣಿಯಲ್ಲಿ ತಂದೆಯ ಹೆಸರಿನೊಡನೆ "ಬಿನ್" ಎಂದಿರುತ್ತದೆ. ಪ್ಯಾನ್ ಚೀಟಿಯಲ್ಲಿ ಇನಿಷಿಯಲ್ ಇರುತ್ತದೆ. ಬ್ಯಾಂಕಿನ ಪುಸ್ತಕದಲ್ಲಿ ಊರಿನ ಹೆಸರು ಸೇರಿರುತ್ತದೆ. ಮೂವರೂ ಒಬ್ಬನೇ ಎಂದು ಊರಿಗೆಲ್ಲ ಗೊತ್ತು, ಕಚೇರಿಗೆ ಗೊತ್ತಿಲ್ಲ. ಇದಕ್ಕೆ ನೋಟರಿಯ ಮುಂದೆ ಪ್ರಮಾಣಪತ್ರ ಮಾಡಿಸಿ ಜೊತೆಗಿಡುವುದು ಲೇಸು. ಸಂಘವೋ ಉತ್ಪಾದಕರ ಕಂಪನಿಯೋ ಟೆಂಡರು ಹಾಕುವುದಾದರೆ, ಇಂಥವರು ರುಜು ಮಾಡಲು ಅಧಿಕಾರವುಳ್ಳವರೆಂಬ ಠರಾವಿನ ನಕಲು ಬೇಕು. ಡಿಜಿಟಲ್ ರುಜುವಿನ ಪ್ರಮಾಣಪತ್ರವೂ ಅವರ ಹೆಸರಿನಲ್ಲಿಯೇ ಇರಬೇಕು. ಪೇಟೆಯ ಅಂಗಡಿಯವನ ರುಜುವಿನಿಂದ ಕೆಲಸ ಸಾಗಿಸುವವರು ಉಂಟು. ಅದು ಬರಿಯ ಕಾಗದಕ್ಕೆ ಬೇರೊಬ್ಬನ ಕೈಯಲ್ಲಿ ಹೆಬ್ಬೆಟ್ಟು ಒತ್ತಿಸಿದಂತೆ.

ಜಿ.ಎಸ್.ಟಿ. ನೋಂದಣಿಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕಾಗಿದೆ. 2017ರ ಆ ಕಾಯಿದೆಯ 23ನೆಯ ಕಲಮಿನ ಪ್ರಕಾರ, ತನ್ನ ಭೂಮಿಯಲ್ಲಿ ಬೆಳೆದದ್ದನ್ನು ಮಾರುವ ರೈತನಿಗೆ ನೋಂದಣಿಯ ಬಾಧ್ಯತೆ ಇಲ್ಲ. ತೆರಿಗೆಯಿಂದ ವಿನಾಯಿತಿ ಪಡೆದ ಮಾಲನ್ನು ಮಾತ್ರ ಮಾರುವವರಿಗೂ ಇಲ್ಲ. ಹೀಗಿದ್ದೂ ಕೆಲವು ಟೆಂಡರು ಪತ್ರಗಳು ಎಲ್ಲರಿಂದಲೂ ನೋಂದಣಿಯನ್ನು ಕೇಳುತ್ತವೆ. ಕಟ್ಟಡದ ಗುತ್ತಿಗೆಗೆ ಬರೆದ ಷರತ್ತುಗಳನ್ನು ಹುಲ್ಲಿನ ಗುತ್ತಿಗೆಗೂ ನಕಲು ಮಾಡಿದರೆ ಹೀಗಾಗುತ್ತದೆಂದು ನನ್ನ ಅಭಿಪ್ರಾಯ. ಇಂಥಲ್ಲಿ ಸುಮ್ಮನೆ ಆ ಕಾಗದವನ್ನು ಬಿಟ್ಟು ಅರ್ಜಿ ಹಾಕಬಾರದು. ಸ್ಪಷ್ಟನೆ ಕೇಳುವುದಕ್ಕೆ ಗೊತ್ತುಮಾಡಿರುವ ದಿನದೊಳಗೆ ಕಲಮನ್ನು ಉದಾಹರಿಸಿ ಬರೆದು ಕೇಳಬೇಕು. ಉತ್ತರದಿಂದ ಷರತ್ತು ಬದಲಾದರೆ ಅದು ತಿದ್ದುಪಡಿಯಾಗಿ ಎಲ್ಲರಿಗೂ ಪ್ರಕಟವಾಗುತ್ತದೆ. ಕಡೆಯ ದಿನದವರೆಗೂ ತಿದ್ದುಪಡಿಗಳನ್ನು ನೋಡುತ್ತಿರುವುದು ಅವಶ್ಯಕ.

ಸಣ್ಣ ತಪ್ಪಿಗೂ ಇಷ್ಟು ಶಿಕ್ಷೆಯೇ ಎಂದು ತಾವು ಕೇಳಬಹುದು. 1991ರಲ್ಲಿ ಸುಪ್ರೀಂ ಕೋರ್ಟು ಪೊದ್ದಾರ್ ಸ್ಟೀಲ್ ಕಾರ್ಪೊರೇಷನ್ನಿನ ಮೊಕದ್ದಮೆಯಲ್ಲಿ ಇದನ್ನು ವಿಚಾರ ಮಾಡಿತು. ಇಸಾರದ ಹಣವನ್ನು ನಗದಾಗಿ ಅಥವಾ ಸ್ಟೇಟ್ ಬ್ಯಾಂಕಿನ ಡ್ರಾಫ್ಟಿನ ಮೂಲಕ ಕೊಡತಕ್ಕದ್ದೆಂದಿದ್ದ ಕಡೆ, ಒಬ್ಬರು ಯೂನಿಯನ್ ಬ್ಯಾಂಕು ದೃಢೀಕರಿಸಿದ ಚೆಕ್ಕನ್ನು ಕೊಟ್ಟಿದ್ದರು. ಮುಖ್ಯವಾದ ಷರತ್ತುಗಳು ಬೇರೆ, ಅವಕ್ಕೆ ಪೂರಕವಾದವು ಬೇರೆ. ಎರಡನೆಯದರಲ್ಲಿನ ಲೋಪವನ್ನು ಅಧಿಕಾರಿಯು ಮನ್ನಿಸಬಹುದೆಂದು ತೀರ್ಪಾಯಿತು. ಆದರೆ "ಮನ್ನಿಸಬಹುದು" ಎಂಬ ಮಾತನ್ನು ನಂಬಿಕೊಂಡು ಬಿತ್ತನೆ ಮಾಡುವುದು ಬೇಡ. ಅದು ಕೊಳ್ಳುವವನ ವಿವೇಚನೆ, ನಮ್ಮ ಹಕ್ಕಲ್ಲ.

ಕಡೆಯ ಗಂಟೆಯವರೆಗೆ ಕಾಯುವ ಅಭ್ಯಾಸವನ್ನು ಬಿಡಬೇಕು. ವೇಳೆಯನ್ನು ಗೊತ್ತುಮಾಡುವುದು ಪೋರ್ಟಲಿನ ಗಡಿಯಾರ. ನಮ್ಮ ಊರಿನಲ್ಲಿ ಕರೆಂಟು ಹೋದದ್ದು ಅದಕ್ಕೆ ತಿಳಿಯದು. ಕಾಗದಗಳನ್ನು ಮೊಬೈಲಿನಲ್ಲಿ ಓರೆಯಾಗಿ ತೆಗೆದು ಕಳಿಸದೆ, ಸ್ಕ್ಯಾನ್ ಮಾಡಿಸಿ, ಅಕ್ಷರವೂ ಮೊಹರೂ ಓದುವಂತಿವೆಯೇ ಎಂದು ತೆರೆದು ನೋಡಿ ಏರಿಸಬೇಕು. ಇಸಾರದ ಹಣ ಸಂದಾಯವಾದದ್ದು ಪೋರ್ಟಲಿನಲ್ಲಿ ಕಾಣುವುದಕ್ಕೆ ಹೊತ್ತು ಹಿಡಿಯಬಹುದು. ಎರಡು ದಿನ ಮುಂಚೆಯೇ ಮುಗಿಸಿ ಸ್ವೀಕೃತಿಯನ್ನು ಅಚ್ಚು ಹಾಕಿಸಿಟ್ಟುಕೊಳ್ಳಿ.

ಇಷ್ಟಾಗಿಯೂ ಅನ್ಯಾಯವಾಯಿತೆಂದು ತೋರಿದರೆ, ಟೆಂಡರನ್ನು ಅಂಗೀಕರಿಸುವ ಪ್ರಾಧಿಕಾರದ ಆದೇಶ ತಲುಪಿದ 30 ದಿನಗಳೊಳಗೆ ಅಪೀಲು ಮಾಡಿಕೊಳ್ಳಲು 1999ರ ಅಧಿನಿಯಮದ 16ನೆಯ ಕಲಮು ಅವಕಾಶ ಕೊಟ್ಟಿದೆ. ಆಗ ಆ ಸ್ವೀಕೃತಿಯೂ ಪುಟಸಂಖ್ಯೆ ಹಾಕಿದ ನಕಲುಗಳೂ ಕೈಯಲ್ಲಿರಬೇಕು.

ಪಕ್ಕದ ಕೊಠಡಿಯಲ್ಲಿ ಗಣಕಯಂತ್ರವನ್ನಿಟ್ಟು, ಮೇವಿನ ಟೆಂಡರಿನ ಒಂದು ಹಳೆಯ ಪತ್ರವನ್ನು ತೆರೆದಿಟ್ಟಿದೆ. ಪಹಣಿ, ಪ್ಯಾನ್, ಬ್ಯಾಂಕಿನ ಪುಸ್ತಕಗಳನ್ನು ತಂದಿರುವವರು ದಯಮಾಡಿ ಬನ್ನಿ. ಮೊದಲು ಹೆಸರುಗಳು ತಾಳೆಯಾಗುತ್ತವೆಯೇ, ನೋಡೋಣ.